ಹನ್ನೆರಡು ಸ್ವರದ ಸಾಲು: ಶ್ರುತಿ ನಿಲ್ಲಿಸಿದ ಮೇಲೆ ಏನು ಕೇಳಬೇಕು, ಹೇಗೆ ಬರೆಯಬೇಕು?

ಪಿಟೀಲು_ವಿನೋಬನಗರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕರ್ನಾಟಕ ಪಿಟೀಲು ಕಲಿತಿದ್ದೇನೆ. ವರ್ಣ, ಕೃತಿ ಮಟ್ಟಕ್ಕೆ ನುಡಿಸುತ್ತೇನೆ. ಈ ಮಳೆಗಾಲ ಪೂರ್ತಿ ಶೋನ್‌ಬರ್ಗ್, ವೇಬರ್ನ್, ಬರ್ಗ್ ಕೇಳುತ್ತಿದ್ದೇನೆ. ಇವರು ಯುರೋಪಿನಲ್ಲಿ ಹನ್ನೆರಡು ಸ್ವರದ ಸಾಲಿನಿಂದ ಸಂಗೀತ ಬರೆದವರು. ಆ ಸಾಲಿನ ನಿಯಮ ತಲೆಗೆ ಹೋಯಿತು. ಹನ್ನೆರಡು ಸ್ವರಸ್ಥಾನಗಳನ್ನೂ ಒಂದು ಕ್ರಮದಲ್ಲಿ ಜೋಡಿಸಬೇಕು. ಸಾಲು ಮುಗಿಯುವ ತನಕ ಬಿಟ್ಟುಬಂದ ಸ್ವರಕ್ಕೆ ವಾಪಸ್ ಹೋಗಬಾರದು. ಆ ಸಾಲನ್ನು ನೇರವಾಗಿ, ಹಿಂದಿನಿಂದ, ತಲೆಕೆಳಗಾಗಿ, ತಲೆಕೆಳಗು ಮಾಡಿದ್ದನ್ನು ಮತ್ತೆ ಹಿಂದಿನಿಂದ, ಹೀಗೆ ನಾಲ್ಕು ಥರ ಬಳಸಬಹುದು. ಯಾವ ಸ್ವರದಿಂದ ಬೇಕಾದರೂ ಎತ್ತಿಕೊಳ್ಳಬಹುದು. ಹನ್ನೆರಡು ನಾಲ್ಕಲಿ 48 ರೂಪ.

ಕಿವಿಗೆ ಮಾತ್ರ ಹೋಗುತ್ತಿಲ್ಲ. ಎರಡು ಸ್ವರ ಕೇಳಿದರೆ ಸಾಕು, ಷಡ್ಜ, ಅಂದರೆ ಆಧಾರದ ಸ, ಎಲ್ಲಿ ಅಂತ ಹುಡುಕಲು ಶುರು ಮಾಡುತ್ತದೆ. ನಾನೇ ಒಂದು ಸಾಲು ಬರೆದೆ (ಅಂಕಿ ಚಿಕ್ಕದಾದರೆ ಆ ಸ್ವರದ ಕೆಳಗಿನ ಮನೆ, ದೊಡ್ಡದಾದರೆ ಮೇಲಿನದು):

ಸ ಗ3 ಪ ನಿ3 ರಿ2 ಮ2 ದ2 ರಿ1 ಮ1 ದ1 ನಿ2 ಗ2

ಹನ್ನೆರಡೂ ಇವೆ, ಯಾವುದೂ ಎರಡು ಸಲ ಬಂದಿಲ್ಲ. ಆದರೂ ನುಡಿಸಿದರೆ ಶೋನ್‌ಬರ್ಗ್ ಥರ ಕೇಳುವುದಿಲ್ಲ. ಯಾಕೆ?

ಪೆಟ್ಟಿಗೆ_ತೀರ್ಥಹಳ್ಳಿ

ಮೊದಲ ಏಳು ಸ್ವರ ಎಣಿಸಿ ನೋಡಿ. ಸ ರಿ2 ಗ3 ಮ2 ಪ ದ2 ನಿ3. ಕಲ್ಯಾಣಿ! ಉಳಿದ ಐದು ಇನ್ನೂ ಮಜಾ. ರಿ1 ಅನ್ನೇ ಸ ಅಂತ ಹಿಡಿದರೆ ಅದು ಮೋಹನ. ಹಾರ್ಮೋನಿಯಂನಲ್ಲಿ ನಾಲ್ಕನೇ ಬಿಳಿಯನ್ನು ಸ ಮಾಡಿಕೊಂಡು ನುಡಿಸಿ. ಮೊದಲ ಏಳೂ ಬಿಳಿ ಮನೆ, ಕೊನೆಯ ಐದೂ ಕಪ್ಪು ಮನೆ. ನೀವು ಸಾಲು ಬರೆದಿಲ್ಲ ಸಾರ್, ರಾಗಮಾಲಿಕೆ ಬರೆದಿದ್ದೀರಿ.

ಇನ್ನೊಂದು ಕೇಳಬೇಕು. ಅಭ್ಯಾಸ ಮಾಡುವಾಗ ಶ್ರುತಿ ಹಾಕಿಕೊಂಡಿದ್ದಿರಾ?

ಪಿಟೀಲು_ವಿನೋಬನಗರ

ಹೌದು, ಮೊಬೈಲ್ ತಂಬೂರಿ. ಇಲ್ಲದೆ ಕೈಯೇ ಓಡುವುದಿಲ್ಲ.

ಪೆಟ್ಟಿಗೆ_ತೀರ್ಥಹಳ್ಳಿ

ಮೊದಲು ಅದನ್ನು ನಿಲ್ಲಿಸಿ. ಸ–ಪ ಮೊಳಗುತ್ತಿದ್ದರೆ ಪ್ರತಿ ಸ್ವರವೂ ಅದರ ಲೆಕ್ಕದಲ್ಲೇ ಕೇಳುತ್ತದೆ. ಹಾರ್ಮೋನಿಯಂ ಇರುವವರು ಶ್ರುತಿಯ ಗುಂಡಿಗಳನ್ನೆಲ್ಲ ಒಳಗೆ ತಳ್ಳಿಬಿಡಿ. ಭಜನೆ ಮುಗಿಸಿ ಪೆಟ್ಟಿಗೆ ಎತ್ತಿಡುವ ಮುಂಚೆ ಒಂದು ಹತ್ತು ನಿಮಿಷ ಹೀಗೆ ನುಡಿಸಿ ನೋಡಿ. ಹನ್ನೆರಡು ಮನೆ ಸಮಾನ ಅಂತರದಲ್ಲಿ ಕೂತಿರುವ ವಾದ್ಯ ನಮ್ಮ ಊರುಗಳಲ್ಲಿ ಅದೇ ಅಲ್ವಾ.

ಗಮಕ_ಕೇಳುವವ

ಸುಮ್ನೆ ಓದುತ್ತಿದ್ದೆ, ತಡೆಯಲಿಲ್ಲ. ಇದು ರೇಷನ್ ಅಂಗಡಿ ಕ್ಯೂ ಥರ ಆಯಿತು. ಒಬ್ಬೊಬ್ಬರೇ ಬನ್ನಿ, ಒಂದು ಸಲ ತಗೊಂಡವರು ಮತ್ತೆ ನಿಲ್ಲಬೇಡಿ. ಸಂಗೀತದಲ್ಲಿ ಸ್ವರಗಳೆಲ್ಲ ಸಮಾನ ಅಂದರೆ ಹೇಗೆ? ವಾದಿ ಬೇಡ, ನ್ಯಾಸ ಬೇಡ, ಜೀವಸ್ವರ ಬೇಡ. ರಾಗದಲ್ಲಿ ಮುಖ್ಯವಾದ, ಬಂದು ನಿಲ್ಲುವ, ಜೀವ ಕೊಡುವ ಸ್ವರಗಳೇ ಬೇಡ. ಕುವೆಂಪು ರಂಗಮಂದಿರದಲ್ಲಿ ಇದನ್ನು ನುಡಿಸಿದರೆ ಕಾಫಿ ವಿರಾಮಕ್ಕೆ ಎದ್ದವರು ವಾಪಸ್ ಬರುವುದಿಲ್ಲ. ಈ ಲೆಕ್ಕ ಕಾಗದದ ಮೇಲೆ ಚೆಂದ ಇರಬಹುದು. ಕೇಳುವವನಿಗೆ ಯಾಕೆ?

ಸಾಗರದ_ಕೇಳುಗ

ರಂಗಮಂದಿರದ ಮಾತು ಒಪ್ಪುತ್ತೇನೆ. ಆದರೆ ನಮ್ಮ ಕಡೆಯವರನ್ನು ಅಷ್ಟು ಹಗುರ ಮಾಡಬೇಡಿ. ಹೆಗ್ಗೋಡಿನಲ್ಲಿ ನೀನಾಸಂ 1949ರಿಂದ ಇದೆ. ತೋಟದ ಕೆಲಸ ಮುಗಿಸಿ ಬಂದವರು ಅಲ್ಲಿ ಹೊರದೇಶದ ನಾಟಕ, ಸಿನಿಮಾ ಕೂತು ನೋಡಿದ್ದಾರೆ. ಅಭ್ಯಾಸದ ಪ್ರಶ್ನೆ ಅಷ್ಟೇ.

ನಿಮ್ಮ ‘ಯಾಕೆ’ಗೆ ಸ್ವಲ್ಪ ಹಿಂದಿನಿಂದ ಬರುತ್ತೇನೆ. ಶೋನ್‌ಬರ್ಗ್ 1874ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಕೂತಲ್ಲಿ ಹನ್ನೆರಡರ ಲೆಕ್ಕ ಹಾಕಿ ಸಂಗೀತ ಬರೆದವನಲ್ಲ. 1908–09ರ ಹೊತ್ತಿಗೇ ಅವನ ಸಂಗೀತದಲ್ಲಿ ಆಧಾರ ಸ್ವರ ಮಾಯವಾಗಿತ್ತು. ಯುರೋಪಿನ ಸ್ವರಮೇಳಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, 19ನೇ ಶತಮಾನದ ವ್ಯಾಗ್ನರ್ ಕಾಲದಿಂದಲೇ ಎಷ್ಟು ಸುತ್ತುಹೊಡೆಯುತ್ತಿದ್ದವು ಅಂದರೆ, ಮನೆಗೆ ವಾಪಸ್ ಬಂದೆವು ಅನ್ನುವ ಭಾವವೇ ಸವೆದುಹೋಗಿತ್ತು. ಅದು ಹೋದ ಮೇಲೆ ಹೊಸ ತೊಂದರೆ ಶುರುವಾಯಿತು. ಚಿಕ್ಕ ಚಿಕ್ಕ ರಚನೆ ಬರೆಯಬಹುದಿತ್ತು. ಸಾಹಿತ್ಯ ಇದ್ದರೆ ಅದರ ಬೆನ್ನು ಹಿಡಿದು ದೊಡ್ಡದನ್ನೂ ಬರೆಯಬಹುದಿತ್ತು. ಬರೀ ವಾದ್ಯಕ್ಕೆ ಉದ್ದದ ರಚನೆ ಬರೆಯಲು ಏನು ಹಿಡಿದುಕೊಳ್ಳುವುದು? ಆ ಹಿಡಿಕೆ ಅವನಿಗೆ 1921–23ರ ಸುಮಾರಿಗೆ ಸಿಕ್ಕಿತು. ವಿಯೆನ್ನಾದಲ್ಲೇ ಹವರ್ ಎಂಬಾತ 1919ರಲ್ಲಿ ಹನ್ನೆರಡು ಸ್ವರದ ಬೇರೆಯದೇ ಒಂದು ನಿಯಮಕ್ಕೆ ಬಂದಿದ್ದ. ಅದು ಇನ್ನೊಂದು ಕತೆ.

ಪೂರ್ತಿಯಾಗಿ ಒಂದೇ ಸಾಲಿನಲ್ಲಿ ಕಟ್ಟಿದ ಶೋನ್‌ಬರ್ಗ್‌ನ ಮೊದಲ ದೊಡ್ಡ ರಚನೆ ಪಿಯಾನೊ ಸೂಟ್ (ಹಲವು ಚಿಕ್ಕ ಭಾಗಗಳ ಸರಣಿ), ಓಪಸ್ 25, ಅಂದರೆ ಅವನ 25ನೇ ಸಂಖ್ಯೆಯ ರಚನೆ. ಅದರ ಸಾಲು ಇದು, ಪಾಶ್ಚಾತ್ಯರ ಸಿ ಮನೆಯನ್ನು ಸ ಅಂತ ಇಟ್ಟುಕೊಂಡು ಬರೆದರೆ:

ಗ3 ಮ1 ಪ ರಿ1 ಮ2 ಗ2 ದ1 ರಿ2 ನಿ3 ಸ ದ2 ನಿ2

ಕೊನೆಯ ನಾಲ್ಕನ್ನು ಹಿಂದಿನಿಂದ ಓದಿ: ನಿ2 ದ2 ಸ ನಿ3. ಜರ್ಮನರ ಸ್ವರಾಕ್ಷರದಲ್ಲಿ ಅದು ಬಿ ಎ ಸಿ ಎಚ್, ಹಳೆಯ ಜರ್ಮನ್ ಸಂಗೀತಕಾರ ಬಾಖ್ ಹೆಸರಿನ ನಾಲ್ಕು ಅಕ್ಷರ. 48 ರೂಪ ಇದ್ದರೂ ಈ ಇಡೀ ರಚನೆಯಲ್ಲಿ ಅವನು ಮುಟ್ಟಿರುವುದು ಎಂಟನ್ನು ಮಾತ್ರ. ಆ ಎಂಟನ್ನೂ ಎಷ್ಟು ಹುಷಾರಾಗಿ ಆರಿಸಿದ್ದಾನೆ ಅಂದರೆ, ನೇರವಾಗಿ ಓದಲಿ, ತಲೆಕೆಳಗು ಮಾಡಲಿ, ಪ ಮತ್ತು ರಿ1 ಜೋಡಿ ಯಾವಾಗಲೂ ಮೂರು–ನಾಲ್ಕನೇ ಜಾಗದಲ್ಲೇ ಬಂದು ಕೂರುತ್ತದೆ. ಹಿಂದಿನಿಂದ ಓದಿದರೆ ಒಂಬತ್ತು–ಹತ್ತರಲ್ಲಿ. ಕಿವಿ ಅದನ್ನು ಹಿಡಿಯುತ್ತದೆ. ಹೆಸರು ಹೇಳಲು ಬರದೇ ಇರಬಹುದು, ‘ಇದು ಮೊದಲು ಕೇಳಿದ್ದು’ ಅನ್ನಿಸುತ್ತದೆ.

ಇನ್ನೂ ಒಂದು. ಆ ಸೂಟ್‌ನ ಭಾಗಗಳ ಹೆಸರು ಗವೋಟ್, ಮಿನ್ಯುಯೆಟ್, ಜೀಗ್. ಎಲ್ಲ ಹಳೆಯ ಕುಣಿತಗಳು. ಸ್ವರ ಪೂರಾ ಹೊಸದು, ನಡಿಗೆ ಹಳೆಯದು. ನಡುವೆ ಮ್ಯೂಸೆಟ್ ಅಂತ ಒಂದಿದೆ. ಅದರಲ್ಲಿ ಪ, ಅಂದರೆ ಅವರ ಜಿ, ಶ್ರುತಿಯ ಹಾಗೆ ಪದೇ ಪದೇ ಮೊಳಗುತ್ತದೆ! ಸಾಲಿನ ನಿಯಮ ಮಾಡಿದವನೇ ಅದರೊಳಗೆ ಶ್ರುತಿ ಹಾಕಿಕೊಂಡು ಕೂತಿದ್ದಾನೆ. ಹಾಗಾಗಿ ಕ್ಯೂ ಅಂತ ನಗುವ ಮುಂಚೆ ಮ್ಯೂಸೆಟ್ ಕೇಳಿ.

ಪಿಟೀಲು_ವಿನೋಬನಗರ

ತಲೆಕೆಳಗು ಮಾಡುವುದರಲ್ಲಿ ಒಂದು ಅನುಮಾನ. ಸ ರಿ2 ಗ3 ಮೇಲಕ್ಕೆ ಹೋದರೆ ಅದರ ತಲೆಕೆಳಗು ಸ ನಿ3 ದ2 ಅಲ್ಲವೇ? ಹಿಂದಿನಿಂದ ಓದುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕೋಡಿಂಗ್_ಭದ್ರಾವತಿ

ಅಲ್ಲ. ರಾಗದ ಅಭ್ಯಾಸ ಇರುವವರೆಲ್ಲ ಇಲ್ಲಿ ಜಾರುತ್ತಾರೆ. ಸ್ವರದ ಹೆಸರು ಮರೆತುಬಿಡಿ, ಮನೆ ಎಣಿಸಿ. ಸ = 0, ರಿ1 = 1, ರಿ2 = 2, ಗ2 = 3, ಗ3 = 4, ಮ1 = 5, ಮ2 = 6, ಪ = 7, ದ1 = 8, ದ2 = 9, ನಿ2 = 10, ನಿ3 = 11. ಸ ರಿ2 ಗ3 ಅಂದರೆ 0, 2, 4. ಎರಡೆರಡು ಮನೆ ಮೇಲೆ. ತಲೆಕೆಳಗು ಅಂದರೆ ಎರಡೆರಡು ಮನೆ ಕೆಳಗೆ: 0, 10, 8. ಸ ನಿ2 ದ1. ಹಿಂದಿನಿಂದ ಅಂದರೆ 4, 2, 0. ಅಲ್ಲಿ ಸ್ವರ ಅವೇ, ಕ್ರಮ ತಿರುಗಿತು. ತಲೆಕೆಳಗಿನಲ್ಲಿ ಕ್ರಮ ಹಾಗೇ ಇರುತ್ತದೆ, ಅಂತರದ ದಿಕ್ಕು ತಿರುಗುತ್ತದೆ.

ಹನ್ನೆರಡು ಸ್ವರಕ್ಕೆ ಎಷ್ಟು ಸಾಲು ಸಾಧ್ಯ ಅಂತ ಕೇಳುವವರಿಗೆ: 47,90,01,600. ಈ ಲೆಕ್ಕ ಕಂಡು ‘ಪಾಶ್ಚಾತ್ಯರ ಗಣಿತದ ಹುಚ್ಚು’ ಅನ್ನುವವರು ಸ್ವಲ್ಪ ತಡೆಯಿರಿ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿ ಕೂತು ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಇದೇ ಕೆಲಸ ಮಾಡಿದ್ದಾನೆ. ಏಳು ಸ್ವರದ 5040 ಪ್ರಸ್ತಾರ, ಅಂದರೆ ಜೋಡಣೆಗಳು. ಇಂಥ ಸಂಖ್ಯೆಯ ಪ್ರಸ್ತಾರ ಯಾವುದು ಅಂತ ಕಂಡುಹಿಡಿಯುವುದು ನಷ್ಟ. ಈ ಪ್ರಸ್ತಾರ ಎಷ್ಟನೆಯದು ಅಂತ ಹೇಳುವುದು ಉದ್ದಿಷ್ಟ. ಅದಕ್ಕೆ ಖಂಡಮೇರು ಅಂತ ಒಂದು ಕೋಷ್ಟಕ. ನಾನು ಅದನ್ನೇ ಹನ್ನೆರಡು ಸ್ವರಕ್ಕೆ ಹಿಗ್ಗಿಸಿ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಸಂಖ್ಯೆ ಕೊಟ್ಟರೆ ಸಾಲು ಕೊಡುತ್ತದೆ. ಅಷ್ಟೂ ಸಾಲಿನಲ್ಲಿ ಕೇಳಲು ಯೋಗ್ಯವಾದದ್ದು ಯಾವುದು ಅಂತ ಮಾತ್ರ ಹೇಳುವುದಿಲ್ಲ.

ಸಾಗರದ_ಕೇಳುಗ

ಆ ಕೊನೆಯ ವಾಕ್ಯವೇ ಮುಖ್ಯ. ನಮ್ಮವರು ಎಲ್ಲ ಪ್ರಸ್ತಾರವನ್ನೂ ಎಣಿಸಿದರು. ಶೋನ್‌ಬರ್ಗ್ ಒಂದನ್ನು ಆರಿಸಿಕೊಂಡು ಅದರ ಜೊತೆಗೇ ಇಡೀ ರಚನೆ ಕಳೆದ. ಒಳ್ಳೆಯ ಸಾಲಿನೊಳಗೆ ಆಗಲೇ ಒಂದು ಸ್ವಭಾವ ಇರುತ್ತದೆ. ವೇಬರ್ನ್‌ನ ಓಪಸ್ 24 ನೋಡಿ:

ನಿ3 ನಿ2 ರಿ2 | ಗ2 ಪ ಮ2 | ದ1 ಗ3 ಮ1 | ಸ ರಿ1 ದ2

ಮೊದಲ ಮೂರು ಸ್ವರ: ಒಂದು ಮನೆ ಕೆಳಗೆ, ನಾಲ್ಕು ಮನೆ ಮೇಲೆ. ಮಿಕ್ಕ ಮೂರೂ ಗುಂಪು ಅದೇ ಮೂರು ಸ್ವರದ ತುಣುಕಿನ ಬೇರೆ ಬೇರೆ ರೂಪ. ಒಂದು ತಲೆಕೆಳಗು, ಒಂದು ಹಿಂದಿನಿಂದ, ಒಂದು ಎರಡೂ ಸೇರಿ. ಹನ್ನೆರಡು ಸ್ವರ ನೆನಪಿಡಬೇಕಿಲ್ಲ, ಮೂರು ನೆನಪಿಟ್ಟರೆ ಸಾಕು.

ಬರ್ಗ್ ಇನ್ನೊಂದು ತುದಿ. 1935ರ ಪಿಟೀಲು ಕಾನ್ಚೆರ್ಟೊ, ಅಂದರೆ ಪಿಟೀಲು ಮುಂದೆ, ವಾದ್ಯವೃಂದ ಹಿಂದೆ. ಪ ನಿ2 ರಿ2 ಮ2 ದ2 ಸ ಗ3 ದ1 ನಿ3 ರಿ1 ಗ2 ಮ1. ಮೂರು ಮೂರು ಸ್ವರ ಹಿಡಿದರೆ ಕಿವಿಗೆ ಹಿತವಾದ ಮೇಳಗಳೇ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಕೊನೆಯ ನಾಲ್ಕು ಸ್ವರ ಎರಡೆರಡು ಮನೆ ಏರುತ್ತವೆ. ಬಾಖ್ ಸ್ವರಮೇಳ ಜೋಡಿಸಿದ ಒಂದು ಹಳೆಯ ಪ್ರಾರ್ಥನಾಗೀತೆಯ ಶುರು ಕೂಡ ಹಾಗೇ ಇದೆ. ಕೊನೆಯ ಭಾಗದಲ್ಲಿ ಅದು ನೇರವಾಗಿ ಬರುತ್ತದೆ. ಹದಿನೆಂಟರ ಹುಡುಗಿ ಮಾನೊನ್ ಗ್ರೋಪಿಯಸ್ ತೀರಿಕೊಂಡಾಗ ಅವಳ ನೆನಪಿಗೆ ಬರೆದದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಗ್ ಕೂಡ ಹೋದ.

ಕೇಳುವ ಕ್ರಮ ಕೇಳಿದರೆ ನಾನು ಹೇಳುವುದು: ಮೊದಲು ಬರ್ಗ್, ಆಮೇಲೆ ಮ್ಯೂಸೆಟ್, ಆಮೇಲೆ ವೇಬರ್ನ್‌ನ ಪಿಯಾನೊ ವೇರಿಯೇಷನ್ಸ್‌ನ ಎರಡನೇ ಭಾಗ. ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಒಂದು ಕೈ ನಡುವಿನ ದ2ಕ್ಕಿಂತ ಎಷ್ಟು ಮನೆ ಮೇಲೆ ಹಾರುತ್ತದೋ ಇನ್ನೊಂದು ಅಷ್ಟೇ ಕೆಳಗೆ ಹಾರುತ್ತದೆ. ಕನ್ನಡಿ ಎಲ್ಲಿ ನಿಲ್ಲಿಸಿದ್ದಾನೆ ಅಂತ ಎರಡು ಸಲ ಕೇಳಿದರೆ ಗೊತ್ತಾಗುತ್ತದೆ. ಷಡ್ಜ ಹುಡುಕಬೇಡಿ. ಅಂತರ ಕೇಳಿ, ಸ್ಥಾಯಿ ಕೇಳಿ.

ಪಿಟೀಲು_ವಿನೋಬನಗರ

ಬರ್ಗ್ ಕೇಳಿದೆ. ಶುರುವಿನಲ್ಲಿ ಪಿಟೀಲು ಖಾಲಿ ತಂತಿಗಳನ್ನು ಕಮಾನಿನಲ್ಲಿ ನುಡಿಸಿಕೊಂಡು ಹೋಗುತ್ತದೆ. ಸಾಲಿನ 1, 3, 5, 7ನೇ ಸ್ವರಗಳೇ ಆ ನಾಲ್ಕು ತಂತಿ! ನಮ್ಮ ಸ–ಪ–ಸ–ಪ ಶ್ರುತಿಯಲ್ಲಿ ಆ ಜಾಗ ಸಿಗುವುದೇ ಇಲ್ಲ. ತಂತಿ ಬಿಗಿ ಮಾಡಿ ಅವರ ಹಾಗೆ ಕೂಡಿಸಿ ನೋಡಿದೆ, ಮನೆಯವರು ‘ಏನಾಯ್ತು ಪಿಟೀಲಿಗೆ’ ಅಂದರು.

ಈಗ ಬರೆಯುವ ವಿಷಯ. ಕಲ್ಯಾಣಿ ಬರದ ಸಾಲು ಒಂದು ಕೊಡಿ.

ಪೆಟ್ಟಿಗೆ_ತೀರ್ಥಹಳ್ಳಿ

ಕೊಡುತ್ತೇನೆ. ಇದಕ್ಕೆ ನಮ್ಮ ಮೇಳಕರ್ತದ, ಅಂದರೆ ಮೂಲ ರಾಗಗಳ, ಪಟ್ಟಿಯೇ ಸಹಾಯ ಮಾಡಿತು. ಆ ಪಟ್ಟಿ ಮಾಡಿದ ವೆಂಕಟಮಖಿ ಪೂರ್ವಾಂಗಕ್ಕೂ (ಕೆಳಗಿನ ಪಾಲು) ಉತ್ತರಾಂಗಕ್ಕೂ (ಮೇಲಿನ ಪಾಲು) ಗೆರೆ ಎಳೆದ ಹಾಗೆ ಹನ್ನೆರಡನ್ನೂ ಎರಡು ಪಾಲು ಮಾಡಿದೆ. ಸ ಯಿಂದ ಮ1ರ ತನಕ ಆರು, ಮ2ರಿಂದ ನಿ3ರ ತನಕ ಆರು. ಎರಡನ್ನೂ ಒಳಗೊಳಗೇ ಕಲಸಿದೆ:

ಸ ಗ3 ರಿ1 ಗ2 ಮ1 ರಿ2 | ದ1 ನಿ3 ಪ ದ2 ಮ2 ನಿ2

ಇದನ್ನು ನಿ3ರಿಂದ ತಲೆಕೆಳಗು ಮಾಡಿ. ಭದ್ರಾವತಿಯವರ ಎಣಿಕೆಯಲ್ಲಿ ಪ್ರತಿ ಸಂಖ್ಯೆಯನ್ನೂ 11ರಿಂದ ಕಳೆದರೆ ಆಯಿತು:

ನಿ3 ಪ ನಿ2 ದ1 ಮ2 ದ2 | ಗ2 ಸ ಗ3 ರಿ2 ಮ1 ರಿ1

ಏನಾಯಿತು ನೋಡಿ. ಮೊದಲ ಸಾಲಿನ ಮೊದಲ ಅರ್ಧ ಪೂರ್ವಾಂಗ. ಎರಡನೆಯದರ ಮೊದಲ ಅರ್ಧ ಉತ್ತರಾಂಗ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಒಟ್ಟಿಗೆ ನುಡಿಸಿದರೆ ಆರಾರು ಸ್ವರದಲ್ಲೇ ಹನ್ನೆರಡೂ ತುಂಬುತ್ತವೆ. ಎರಡು ಕೈ ಒಂದೇ ಸ್ವರಕ್ಕೆ ಡಿಕ್ಕಿ ಹೊಡೆಯುವುದಿಲ್ಲ. ಶೋನ್‌ಬರ್ಗ್ ಮುಂದೆ ಇಂಥ ಸಾಲುಗಳನ್ನೇ ಜಾಸ್ತಿ ಬಳಸಿದ.

ಎರಡು ಕಿವಿಮಾತು. ಒಂದೇ ಸ್ವರವನ್ನು ಸ್ಥಳದಲ್ಲೇ ಎರಡು ಮೂರು ಸಲ ಬಡಿಯಬಹುದು, ತಪ್ಪಿಲ್ಲ. ಎರಡು ಮೂರು ಸ್ವರ ಸೇರಿಸಿ ಒಟ್ಟಿಗೂ ನುಡಿಸಬಹುದು. ಸ್ಥಾಯಿಗೆ ನಿಯಮವೇ ಇಲ್ಲ. ಸ ಕೆಳಗೆ ಮಂದ್ರದಲ್ಲಿ, ಗ3 ಮೇಲೆ ತಾರದಲ್ಲಿ, ರಿ1 ನಡುವೆ ಹಾಕಿ ನೋಡಿ. ಇದೇ ಸಾಲು ಬೇರೆಯೇ ಆಗುತ್ತದೆ. ಎಲ್ಲವನ್ನೂ ಮಧ್ಯಸ್ಥಾಯಿಯಲ್ಲಿ ಸರಳೆ ವರಿಸೆ ಥರ ಒಂದೇ ಕಾಲದಲ್ಲಿ ನುಡಿಸಿದರೆ ಯಾವ ಸಾಲೂ ಸಪ್ಪೆಯೇ.

ಗಮಕ_ಕೇಳುವವ

ಪಿಟೀಲಿನವರು ಸ್ವರ ತೂಗಿಸುವ ಗಮಕ ಇಲ್ಲದೆ ನುಡಿಸುತ್ತಾರಾ? ತೋಡಿಯ ಗಾಂಧಾರ ನೆನಪಿಸಿಕೊಳ್ಳಿ. ರಿ–ಮ ನಡುವೆ ತೂಗುತ್ತದೆ, ತನ್ನ ಮನೆಯಲ್ಲಿ ನಿಲ್ಲುವುದೇ ಇಲ್ಲ. ಹಾಗೆ ತೂಗಿದರೆ ನಿಮ್ಮ ಒಂದು ಸ್ವರದಲ್ಲಿ ಮೂರು ಬಂತು. ಸಾಲು ಕೆಟ್ಟಿತಲ್ಲ?

ಪೆಟ್ಟಿಗೆ_ತೀರ್ಥಹಳ್ಳಿ

ಕೆಟ್ಟಿತು. ನೆಟ್ಟಗೆ ನುಡಿಸಬೇಕು.

ಸಾಗರದ_ಕೇಳುಗ

ನಾನು ಒಪ್ಪುವುದಿಲ್ಲ. ಅಕ್ಕಪಕ್ಕದ ಮನೆ ಮುಟ್ಟುವ ಕಂಪಿತ ಬೇಡ, ಸರಿ. ಆದರೆ ಸಾಲಿನ ಮುಂದಿನ ಸ್ವರಕ್ಕೆ ಜಾರು ಹಾಕಿದರೆ ಕ್ರಮ ಎಲ್ಲಿ ಕೆಟ್ಟಿತು? ದ1ರಿಂದ ನಿ3ಕ್ಕೆ ಜಾರಿಕೊಂಡು ಹೋಗುವುದನ್ನು ಪೆಟ್ಟಿಗೆ ಮಾಡಲಾರದು, ಪಿಟೀಲು ಮಾಡಬಲ್ಲದು. ಅದೂ ಬೇಡ ಅಂದರೆ ಪಿಟೀಲು ಯಾಕೆ ಹಿಡಿಯಬೇಕು.

ಪೆಟ್ಟಿಗೆ_ತೀರ್ಥಹಳ್ಳಿ

ಜಾರುವಾಗ ನಡುವಿನ ನಿ2, ದ2 ಕೇಳುತ್ತವೆ. ಆದರೂ ಬರೆಯುವವರ ಇಷ್ಟ, ಜಗಳ ಬೇಡ.

ಮದ್ದಳೆ_ಹೊಸನಗರ

ಎರಡು ದಿನದಿಂದ ಕರೆಂಟ್ ಇರಲಿಲ್ಲ, ಈಗ ಎಲ್ಲ ಓದಿದೆ. ಸ್ವರದ ಬಗ್ಗೆ ಇಷ್ಟು ಮಾತಾಡಿದಿರಿ, ತಾಳದ ಬಗ್ಗೆ ಒಬ್ಬರೂ ಎತ್ತಲಿಲ್ಲ. ಕಾಲವನ್ನೂ ಹೀಗೆ ಸಾಲು ಮಾಡುತ್ತಾರಂತಲ್ಲ?

ಸಾಗರದ_ಕೇಳುಗ

ಮಾಡಿದರು, ಎರಡನೇ ಮಹಾಯುದ್ಧ ಮುಗಿದ ಮೇಲೆ. ಅಮೆರಿಕದಲ್ಲಿ ಬ್ಯಾಬಿಟ್ 1947ರಲ್ಲೇ ಲಯಕ್ಕೂ ಸಾಲಿನ ಲೆಕ್ಕ ತಂದ. 1949ರಲ್ಲಿ ಫ್ರಾನ್ಸಿನ ಮೆಸಿಯಾನ್ ಪಿಯಾನೊಗೆ ಒಂದು ರಚನೆ ಬರೆದ. ಅದರಲ್ಲಿ 36 ಸ್ವರ, 24 ಕಾಲಪ್ರಮಾಣ, 12 ಥರದ ಹೊಡೆತ, 7 ಥರದ ಜೋರು–ಮೆಲು. ಯಾವ ಸ್ವರಕ್ಕೆ ಯಾವುದು ಅಂತ ಮೊದಲೇ ಗೊತ್ತು ಮಾಡಿಟ್ಟಿದ್ದ. ಅವನ ಶಿಷ್ಯ ಬುಲೆಜ್ ಅದರಿಂದಲೇ ಹನ್ನೆರಡು ಸ್ವರ ಎತ್ತಿಕೊಂಡು ಎರಡು ಪಿಯಾನೊಗೆ ‘ಸ್ಟ್ರಕ್ಚರ್ಸ್’ ಮೊದಲ ಭಾಗ ಬರೆದ. ಅಲ್ಲಿ ಕಾಲಕ್ಕೂ 1ರಿಂದ 12ರ ತನಕ ಒಂದು ಸಾಲು.

ನಿಮಗೆ ಖುಷಿ ಕೊಡುವ ಸಂಗತಿ ಒಂದಿದೆ. ಮೆಸಿಯಾನ್ ಲಯ ಕಲಿತದ್ದು ಶಾರ್ಙ್ಗದೇವನ 120 ದೇಶೀ ತಾಳಗಳಿಂದ. ಪ್ಯಾರಿಸ್ಸಿನ ಒಂದು ಸಂಗೀತ ವಿಶ್ವಕೋಶದಲ್ಲಿ ಆ ಪಟ್ಟಿ ಸಿಕ್ಕಿತ್ತು. ಜೀವನಪೂರ್ತಿ ಅವನ್ನು ಬಳಸಿದ.

ಮದ್ದಳೆ_ಹೊಸನಗರ

ಅಬ್ಬ, ಶಾರ್ಙ್ಗದೇವ ಎರಡು ಕಡೆಯಿಂದ ಬಂದ!

ಆದರೆ ಆ 1ರಿಂದ 12 ನನಗೆ ಸರಿ ಕಾಣುವುದಿಲ್ಲ. ಒಂದೇ ಮಾತ್ರೆಯ ಸ್ವರ ಮಿಂಚಿ ಹೋಗುತ್ತದೆ, ಹನ್ನೆರಡು ಮಾತ್ರೆಯದು ಎಳೆದು ಕೂರುತ್ತದೆ. ಸ್ವರಕ್ಕೆ ಸಮಾನತೆ ಕೊಡಲು ಹೋಗಿ ಕಾಲದಲ್ಲಿ ಅದನ್ನೇ ಕಿತ್ತುಕೊಂಡ ಹಾಗಾಯಿತು. ನಾನು ಕೈಯಲ್ಲಿ ಹಾಕಿ ನೋಡಿದೆ. ಒಟ್ಟು 78 ಮಾತ್ರೆ. ಚತುರಶ್ರ ನಡೆಯ ಆದಿತಾಳ ಒಂದು ಆವರ್ತ (ತಾಳದ ಒಂದು ಸುತ್ತು) ಅಂದರೆ 32 ಮಾತ್ರೆ, ಮೂರು ಆವರ್ತಕ್ಕೆ 96. ಹದಿನೆಂಟು ಮಾತ್ರೆ ಬಿಟ್ಟು ಎತ್ತಿಕೊಂಡರೆ ಸರಿಯಾಗಿ ಸಮಕ್ಕೆ, ಅಂದರೆ ಆವರ್ತದ ಶುರುವಿಗೆ, ಬರುತ್ತದೆ. ಬರುತ್ತದೆ ನಿಜ, ಆದರೆ ಒಳಗೆ ಹಿಡಿತ ಇಲ್ಲ. ಕೇಳುವವನಿಗೆ ಎಣಿಕೆ ಸಿಕ್ಕಬೇಕು. ಸ್ವರ ಗೊತ್ತಿಲ್ಲದ ಊರಿಗೆ ಕರೆದೊಯ್ಯುವಾಗ ಲಯವಾದರೂ ಕೈ ಹಿಡಿಯಬೇಡವೇ? ಭಾಗಗಳಿಗೆ ಕುಣಿತದ ಹೆಸರು ಇಟ್ಟ ಆ ಸೂಟ್ ಬರೆದವನೇ ನನಗೆ ಸರಿ ಕಂಡ.

ಗಮಕ_ಕೇಳುವವ

ಮ್ಯೂಸೆಟ್ ಕೇಳಿದೆ. ಶ್ರುತಿ ಇದೆ, ಆದರೆ ಅದರ ಜೊತೆ ಪಂಚಮ ಇಲ್ಲ, ಮ2 ಅಂತರದ್ದು ಕಿರಿಕಿರಿ ಮಾಡುತ್ತದೆ. ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ತಮಾಷೆ ಅಂತಾದರೆ ಇಷ್ಟವಾಯಿತು. ಬರ್ಗ್‌ನ ಕೊನೆಯ ಭಾಗ ನಿಜಕ್ಕೂ ತಟ್ಟಿತು. ಆದರೆ ಅದು ತಟ್ಟಿದ್ದು ಬಾಖ್ ಬಂದಾಗ, ಸಾಲಿನಿಂದ ಅಲ್ಲ. ಹನ್ನೆರಡು ಸ್ವರದಿಂದಲೇ ಎದೆಗೆ ಬಡಿಯುವಂಥದ್ದು ಇದ್ದರೆ ಹೇಳಿ.

ಸಾಗರದ_ಕೇಳುಗ

ಶೋನ್‌ಬರ್ಗ್‌ನ ‘ಎ ಸರ್ವೈವರ್ ಫ್ರಮ್ ವಾರ್ಸಾ’, 1947. ಅವನು ಯಹೂದಿ, 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವನು. ಇದು ಏಳು ನಿಮಿಷದಷ್ಟು ಚಿಕ್ಕದು. ಒಬ್ಬ ಕತೆ ಹೇಳುತ್ತಾನೆ, ಅರ್ಧ ಮಾತು ಅರ್ಧ ಹಾಡು. ಸಾಯಲು ಹೊರಟವರ ಎಣಿಕೆ ನಡೆಯುತ್ತದೆ. ಎಣಿಕೆ ಜೋರಾಗುತ್ತಾ ಆಗುತ್ತಾ ಗಂಡಸರ ಮೇಳ ಹೀಬ್ರೂ ಪ್ರಾರ್ಥನೆ ಎತ್ತಿಕೊಳ್ಳುತ್ತದೆ. ಪೂರಾ ಸಾಲಿನಲ್ಲೇ ಕಟ್ಟಿದ್ದು. ರಾತ್ರಿ ಒಬ್ಬರೇ ಕೇಳಬೇಡಿ.

ಪಿಟೀಲು_ವಿನೋಬನಗರ

ತೀರ್ಥಹಳ್ಳಿಯವರ ಸಾಲಿನಲ್ಲಿ ಮೂರು ಆವರ್ತದಷ್ಟು ಬರೆದೆ. ಪೂರ್ವಾಂಗ ಮಂದ್ರದಲ್ಲಿ, ಉತ್ತರಾಂಗ ತಾರದಲ್ಲಿ. ಜಾರು ಒಂದೇ ಕಡೆ ಹಾಕಿದ್ದೇನೆ, ಸಾಗರದವರ ಮಾತಿಗೆ. ಈಗ ಕಲ್ಯಾಣಿ ಇಲ್ಲ. ಆದರೆ ಮುಗಿಸುವುದು ಹೇಗೆ? ಸ ಗೆ ಬಂದು ನಿಂತರೆ ಮೋಸ. ಬೇರೆ ಎಲ್ಲಿ ನಿಂತರೂ ಅರ್ಧಕ್ಕೆ ಬಿಟ್ಟ ಹಾಗೆ.

ಸಾಗರದ_ಕೇಳುಗ

ಬರ್ಗ್ ಬಿ-ಫ್ಲಾಟ್ ಮೇಜರ್ ಮೇಳಕ್ಕೆ (ನಿ2 ರಿ2 ಮ1 ಒಟ್ಟಿಗೆ) ಜಿ, ಅಂದರೆ ಪ, ಸೇರಿಸಿ ನಿಲ್ಲಿಸಿದ. ಅವನ ಸಾಲಿನಲ್ಲೇ ಆ ಮೃದುತನ ಇತ್ತು. ನಿಮ್ಮದರಲ್ಲಿ ಇಲ್ಲ.

ಮದ್ದಳೆ_ಹೊಸನಗರ

ಮುಕ್ತಾಯ ಸ್ವರದಿಂದಲೇ ಆಗಬೇಕು ಅಂತ ಯಾರು ಹೇಳಿದರು? ಹನ್ನೆರಡನ್ನು 5, 4, 3 ಮಾಡಿ. ಗೋಪುಚ್ಛ, ಹಸುವಿನ ಬಾಲದ ಹಾಗೆ ಸಣ್ಣದಾಗುತ್ತಾ ಹೋಗುವುದು. ಸ್ವರಕ್ಕೆ ಒಂದು ಮಾತ್ರೆ, ಗುಂಪಿನ ನಡುವೆ ಎರಡೆರಡು ಮಾತ್ರೆ ಬಿಡಿ. ಒಟ್ಟು 16, ಅಂದರೆ ಅರ್ಧ ಆವರ್ತ. 17ನೇ ಮಾತ್ರೆ ಸುಮ್ಮನಿದ್ದು 18ಕ್ಕೆ ಎತ್ತಿಕೊಳ್ಳಿ. ಹನ್ನೆರಡನೇ ಸ್ವರ ತಾನಾಗಿ ಸಮದ ಮೇಲೆ ಬೀಳುತ್ತದೆ. ಅದು ನಿಮ್ಮ ಸಾಲಿನಲ್ಲಿ ನಿ2. ಅಲ್ಲೇ ನಿಲ್ಲಿಸಿ, ನಾನು ಮದ್ದಳೆಯಲ್ಲಿ ಚಾಪು ಪೆಟ್ಟು ಹೊಡೆಯುತ್ತೇನೆ.

ಪಿಟೀಲು_ವಿನೋಬನಗರ

ನುಡಿಸಿ ನೋಡಿದೆ. ನಿಂತಿತು! ನಿ2 ಅಂತ ಅನ್ನಿಸಲೇ ಇಲ್ಲ, ಮುಗಿಯಿತು ಅಂತ ಅನ್ನಿಸಿತು.

ಗಮಕ_ಕೇಳುವವ

ರೆಕಾರ್ಡ್ ಹಾಕಿ. ಬಯ್ಯುವುದಾದರೆ ಕೇಳಿ ಬಯ್ಯುತ್ತೇನೆ.

ಪೆಟ್ಟಿಗೆ_ತೀರ್ಥಹಳ್ಳಿ

ಎಡಗೈ ಭಾಗ ನನಗೆ ಕಳಿಸಿ, ಪೆಟ್ಟಿಗೆಯಲ್ಲಿ ನುಡಿಸಿ ಸೇರಿಸುತ್ತೇನೆ. ಮದ್ದಳೆಯವರೂ ಅವರ ಪಾಲು ಕಳಿಸಲಿ. ಎಲ್ಲರೂ ಒಂದೇ ಕಾಲಕ್ಕೆ ನುಡಿಸಬೇಕು, ನಿಮಿಷಕ್ಕೆ 60 ಅಕ್ಷರ ಇಟ್ಟುಕೊಳ್ಳೋಣ. ಶ್ರುತಿ ಹಾಕಬೇಡಿ ಮಾರಾಯ್ರೇ.